ಈಜುಕೊಳದಲ್ಲಿ ‘ನನ್ನದು’, ‘ನಿನ್ನದು’: ಕೇಳದೆ ಎತ್ತಿಕೊಳ್ಳುವ ಮಕ್ಕಳಿಗೆ ಏನು ಹೇಳಬೇಕು?

ಪ್ರಶ್ನೆ: ನಮ್ಮ ಬಡಾವಣೆಯವರೆಲ್ಲ ಬಳಸುವ ಈಜುಕೊಳಕ್ಕೆ ವಾರಕ್ಕೆ ಮೂರು ದಿನ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದೂವರೆ. ನಾವು ಒಯ್ಯುವ ಫ್ಲೋಟ್, ಚೆಂಡು, ಗಾಗಲ್ಸ್ ಯಾವುದೂ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಬೇರೆ ಮಕ್ಕಳು ಹೇಳದೆ ಕೇಳದೆ ಎತ್ತಿಕೊಂಡು ಹೋಗುತ್ತಾರೆ. ಮಗ ಇನ್ನೂ ಈಜು ಕಲಿಯುತ್ತಿದ್ದಾನೆ. ಒಮ್ಮೆ ಅವನು ಹಿಡಿದುಕೊಂಡಿದ್ದ ಕಿಕ್‌ಬೋರ್ಡನ್ನೇ (ಈಜು ಕಲಿಯುವವರು ಹಿಡಿದುಕೊಳ್ಳುವ ತೇಲುವ ಹಲಗೆ) ದೊಡ್ಡ ಹುಡುಗರು ಕಿತ್ತುಕೊಂಡರು. ಮಗಳ ಗಾಗಲ್ಸ್ ಮರಳಿ ಬಂದಾಗ ಅದರ ಪಟ್ಟಿ ಹರಿದಿತ್ತು. ಅದನ್ನು ಒಯ್ದಿದ್ದ ಹುಡುಗಿಯ ತಾಯಿಗೆ ಹೇಳಿದರೆ, ‘ಮಕ್ಕಳಲ್ಲವೇ, ಆಡಿಕೊಳ್ಳಲಿ ಬಿಡಿ’ ಎಂದರು. ಮಗಳು ಈಗ ಕೊಳಕ್ಕೆ ಬರುವುದೇ ಇಲ್ಲ ಎನ್ನುತ್ತಾಳೆ. ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಳೆದ ವಾರ ಮಗನ ಬ್ಯಾಗು ಬಿಚ್ಚಿದಾಗ ಒದ್ದೆ ಟವೆಲ್ಲಿನೊಳಗೆ ಸುತ್ತಿಟ್ಟಿದ್ದ ಎರಡು ಹಸಿರು ರಿಂಗುಗಳು ಸಿಕ್ಕಿದವು. ನೀರಿನ ತಳಕ್ಕೆ ಹಾಕಿ ಹೆಕ್ಕುವ ಆಟದ ರಿಂಗುಗಳು, ನಮ್ಮವಲ್ಲ. ಕೇಳಿದರೆ ‘ಅಲ್ಲೇ ಬಿದ್ದಿತ್ತು’ ಎಂದ. ಇನ್ನೂ ಮನೆಯಲ್ಲೇ ಇವೆ. ಇದು ಕಳ್ಳತನವೇ? ಅವನಿಗೆ ಏನು ಹೇಳಲಿ? ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳುವ ಹಕ್ಕು ನನಗಿದೆಯೇ?

ಉತ್ತರ: ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿರುವ ಸಂಗತಿಯಿಂದಲೇ ನಾನು ಆರಂಭಿಸಬೇಕಾಗಿದೆ. ಈಜು ಬಾರದ ಮಗು ನೀರಿನಲ್ಲಿರುವಾಗ ಅದರ ಕೈಯಲ್ಲಿದ್ದ ಕಿಕ್‌ಬೋರ್ಡನ್ನು ಕಿತ್ತುಕೊಂಡರು ಎಂಬುದು ವಸ್ತು ಯಾರದು ಎಂಬ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೂಗಿ ಕರೆಯುತ್ತದೆ, ಕೈ ಬೀಸುತ್ತದೆ ಎಂದು ನಾವು ಭಾವಿಸಿರುತ್ತೇವೆ. ಬಹಳ ಸಲ ಅದು ಸದ್ದೇ ಇಲ್ಲದೆ ನಡೆದುಹೋಗುತ್ತದೆ, ಏಕೆಂದರೆ ಉಸಿರಿಗಾಗಿ ಒದ್ದಾಡುವ ಬಾಯಿಗೆ ಕೂಗಲು ಆಗುವುದಿಲ್ಲ. ಆದ್ದರಿಂದ ನೀರಿನಲ್ಲಿರುವ ಮಗು ಹಿಡಿದುಕೊಂಡಿರುವ ಅಥವಾ ತೊಟ್ಟಿರುವ ಯಾವುದಕ್ಕೂ ಇನ್ನೊಬ್ಬರು ಕೈಹಾಕಬಾರದು ಎಂಬ ನಿಯಮಕ್ಕೆ ಸಂಕೋಚ, ಸೌಜನ್ಯ, ನೆರೆಹೊರೆಯ ದಾಕ್ಷಿಣ್ಯ ಯಾವುದೂ ಅಡ್ಡಿಯಾಗಬಾರದು. ಅಂಥದ್ದು ಮತ್ತೆ ಕಣ್ಣಿಗೆ ಬಿದ್ದರೆ ಮೊದಲು ನಿಮ್ಮ ಮಗನನ್ನು ಹಿಡಿದುಕೊಳ್ಳಿ, ಆಮೇಲೆ ಆ ಹುಡುಗರಿಗೆ ಕೇಳಿಸುವಷ್ಟು ಗಟ್ಟಿಯಾಗಿ ‘ಬಿಡಿ, ಅವನಿಗೆ ಈಜು ಬರುವುದಿಲ್ಲ’ ಎಂದು ಹೇಳಿ, ತಕ್ಷಣ ಲೈಫ್‌ಗಾರ್ಡ್‌ಗೆ ತಿಳಿಸಿ. ಅವರ ತಂದೆತಾಯಿ ಬರಲಿ ಎಂದು ಕಾಯಬೇಕಿಲ್ಲ.

ಇದರ ಜೊತೆಗೆ ನಿಮಗೂ ಒಂದು ಮಾತು ಹೇಳಲೇಬೇಕು. ಕಿಕ್‌ಬೋರ್ಡ್ ಕಾಲು ಬಡಿಯುವುದನ್ನು ಕಲಿಸುವ ಸಾಧನ, ಜೀವ ಉಳಿಸುವ ಸಾಧನವಲ್ಲ; ಗಾಳಿ ತುಂಬಿದ ಟ್ಯೂಬು, ತೋಳಪಟ್ಟಿಗಳೂ ಅಷ್ಟೇ. ಯಾರೂ ಕಿತ್ತುಕೊಳ್ಳದಿದ್ದರೂ ಅವು ಕೈಯಿಂದ ಜಾರಬಹುದು, ಗಾಳಿ ಸೋರಬಹುದು. ನಿಮ್ಮ ಮಗ ನೀರಿನಲ್ಲಿರುವಷ್ಟು ಹೊತ್ತೂ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ದೊಡ್ಡವರೊಬ್ಬರು ನೀರಿನಲ್ಲೇ ಇರಬೇಕು. ನೀವು ಹಾಗೆ ಪಕ್ಕದಲ್ಲಿದ್ದರೆ ಕಿಕ್‌ಬೋರ್ಡ್ ಕೈತಪ್ಪಿದರೂ ಮಗು ಕೈತಪ್ಪುವುದಿಲ್ಲ; ಕಿತ್ತುಕೊಳ್ಳಲು ಬರುವವರೂ ಸಾಮಾನ್ಯವಾಗಿ ಹಿಂಜರಿಯುತ್ತಾರೆ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಹಸಿರು ರಿಂಗುಗಳ ವಿಷಯ.

ಆ ಕ್ಷಣವನ್ನು ಒಮ್ಮೆ ನಿಮ್ಮ ಮಗನ ಕಣ್ಣಿನಿಂದ ನೋಡಿ. ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಾನೆ. ಮುಖ ಮುಳುಗಿಸುತ್ತಾನೆ. ತಳದಲ್ಲಿ ಹಸಿರಾಗಿ ಏನೋ ಅಲುಗಾಡಿದಂತೆ ಕಾಣುತ್ತದೆ. ಉಸಿರು ಬಿಗಿಹಿಡಿದು ಬಗ್ಗುತ್ತಾನೆ. ಮೊದಲ ಸಲ ಕೈಗೆ ಸಿಗುವುದಿಲ್ಲ, ಎರಡನೇ ಸಲ ಬೆರಳಿಗೆ ತಗಲುತ್ತದೆ, ಮೂರನೇ ಸಲ ಮೇಲೆ ಬರುತ್ತದೆ. ಸುತ್ತ ನೋಡಿದರೆ ಯಾರೂ ಅದನ್ನು ಕೇಳುತ್ತಿಲ್ಲ. ಅವನ ಪಾಲಿಗೆ ಅದು ಯಾರಿಂದಲೋ ತೆಗೆದುಕೊಂಡದ್ದಲ್ಲ, ಕಷ್ಟಪಟ್ಟು ಗಳಿಸಿದ್ದು. ‘ಅಲ್ಲೇ ಬಿದ್ದಿತ್ತು’ ಎಂದು ಅವನು ಹೇಳಿದ್ದು ಆ ಮಟ್ಟಿಗೆ ಸುಳ್ಳಲ್ಲ. ಸುಳ್ಳು, ಅಥವಾ ಸುಳ್ಳಿನ ಮೊಳಕೆ, ಇರುವುದು ಟವೆಲ್ಲಿನಲ್ಲಿ ಸುತ್ತಿಟ್ಟದ್ದರಲ್ಲಿ. ಸುತ್ತಿಟ್ಟ ಎಂದರೆ, ಇದನ್ನು ಅಮ್ಮ ನೋಡಿದರೆ ಒಪ್ಪುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ನಾವು ಮಾತಾಡಬೇಕಾಗಿರುವುದು ಈ ಎರಡನೇ ಭಾಗದ ಬಗ್ಗೆ. ಮೊದಲನೆಯದಕ್ಕೆ ಬೈಯುವುದರಿಂದ ಪ್ರಯೋಜನವಿಲ್ಲ.

ಈಜುಕೊಳ ಎಂಬ ಜಾಗವೇ ಮಕ್ಕಳನ್ನು ಈ ವಿಷಯದಲ್ಲಿ ಗೊಂದಲಕ್ಕೆ ನೂಕುತ್ತದೆ ಎಂಬುದನ್ನೂ ಗಮನಿಸಬೇಕು. ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಜಾಗವಿದೆ, ಶಾಲೆಯಲ್ಲಿ ಹೆಸರಿನ ಚೀಟಿಯಿದೆ. ಕೊಳದಲ್ಲಿ ಎರಡೂ ಇಲ್ಲ. ವಸ್ತುವಿನ ಒಡೆಯ ಒಂದು ತುದಿಯಲ್ಲಿ ಈಜುತ್ತಿರುತ್ತಾನೆ, ವಸ್ತು ಇನ್ನೊಂದು ತುದಿಯಲ್ಲಿ ತೇಲುತ್ತಿರುತ್ತದೆ. ನಾಲ್ಕು ಮನೆಯವರು ತಂದ ಫ್ಲೋಟುಗಳು ಒಂದೇ ಬಣ್ಣದವು, ಒಂದೇ ಆಕಾರದವು ಆಗಿರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಅನೇಕ ಕೊಳಗಳಲ್ಲಿ ನಿರ್ವಾಹಕರೇ ಇಟ್ಟಿರುವ ಕಿಕ್‌ಬೋರ್ಡುಗಳಿರುತ್ತವೆ. ಅವನ್ನು ಯಾರು ಬೇಕಾದರೂ, ಯಾರನ್ನೂ ಕೇಳದೆ ಎತ್ತಿಕೊಳ್ಳಬಹುದು. ಅದರ ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಕಿಕ್‌ಬೋರ್ಡ್ ಬಿದ್ದಿರುತ್ತದೆ, ಅದನ್ನು ಮುಟ್ಟಿದರೆ ತಪ್ಪು. ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳದೆ ಐದು ವರ್ಷದ ಮಗು ತಾನಾಗಿ ಊಹಿಸಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಕೊಳಕ್ಕೆ ಹೋದ ಕೂಡಲೇ, ನೀರಿಗಿಳಿಯುವ ಮೊದಲು, ಮಗುವನ್ನು ಕರೆದುಕೊಂಡು ಒಂದು ಸುತ್ತು ಬಂದು, ‘ಈ ಗೂಡಿನಲ್ಲಿರುವುದು ಎಲ್ಲರದು. ಈ ಬ್ಯಾಗಿನಲ್ಲಿರುವುದು ನಮ್ಮದು. ಉಳಿದದ್ದೆಲ್ಲ ಬೇರೆಯವರದು, ಯಾರದೆಂದು ಗೊತ್ತಿಲ್ಲದಿದ್ದರೂ ಬೇರೆಯವರದೇ’ ಎಂದು ಬೆರಳಿಟ್ಟು ತೋರಿಸಿ. ಕೊನೆಯ ವಾಕ್ಯವನ್ನು ಬಿಡಬೇಡಿ. ಒಡೆಯ ಕಾಣದ ವಸ್ತುವಿಗೂ ಒಡೆಯನಿದ್ದಾನೆ ಎಂಬುದು ಚಿಕ್ಕ ಮಕ್ಕಳಿಗೆ ತಾನಾಗಿ ಹೊಳೆಯುವ ವಿಚಾರವಲ್ಲ.

ಹಾಗೆಂದು ಈ ವಯಸ್ಸಿನ ಮಕ್ಕಳಿಗೆ ಸ್ವಂತದ್ದು, ಪರರದ್ದು ಎಂಬ ಅರಿವೇ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷದ ಆಸುಪಾಸಿನಲ್ಲೇ ಮಕ್ಕಳ ಬಾಯಲ್ಲಿ ‘ನಂದು’ ಎಂಬ ಮಾತು ಬಂದುಬಿಡುತ್ತದೆ. ಓರಿ ಫ್ರೀಡ್‌ಮನ್ ಮತ್ತು ಕ್ಯಾರೆನ್ ನಿಯರಿ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡರಿಂದ ನಾಲ್ಕು ವರ್ಷದ ಮಕ್ಕಳು ಆಟಿಕೆ ಮೊದಲು ಯಾರ ಕೈಯಲ್ಲಿತ್ತೋ ಅವರದೇ ಎಂದು ತೀರ್ಮಾನಿಸುವ ಒಲವನ್ನು ತೋರಿದರು. ಮೂರು ವರ್ಷದ ಹೊತ್ತಿಗೆ ಅರಿವು ಇನ್ನೊಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಫೆಡೆರಿಕೊ ರೊಸಾನೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೊಂಬೆಯೊಂದು ಬೇರೆಬೇರೆಯವರ ವಸ್ತುಗಳನ್ನು ಎತ್ತಿಕೊಂಡು ಹೋಗಲು ನೋಡುತ್ತಿತ್ತು. ಎರಡು ವರ್ಷದ ಮಕ್ಕಳು ತಮ್ಮ ವಸ್ತುವಿಗೆ ಕೈಹಾಕಿದಾಗ ಮಾತ್ರ ಪ್ರತಿಭಟಿಸಿದರೆ, ಮೂರು ವರ್ಷದವರು ಮೂರನೆಯವರ ವಸ್ತುವಿಗೆ ಕೈಹಾಕಿದಾಗಲೂ ಪ್ರತಿಭಟಿಸಿದರು. ಅಂದರೆ ನಿಮ್ಮ ಮಗನಿಗೆ ವಿಷಯ ತಿಳಿದಿದೆ. ಆದರೆ ತಿಳಿದಿರುವುದಕ್ಕೂ ಅದರಂತೆ ನಡೆಯುವುದಕ್ಕೂ ನಡುವೆ ಈ ವಯಸ್ಸಿನಲ್ಲಿ ದೊಡ್ಡ ಅಂತರವಿರುತ್ತದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸ್ಟಿಕ್ಕರುಗಳನ್ನು ಕೊಟ್ಟು ಹಂಚಿಕೊಳ್ಳಲು ಅವಕಾಶ ಮಾಡಿಕೊಟ್ಟ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳೂ ‘ಸಮನಾಗಿ ಹಂಚಬೇಕು’ ಎಂದೇ ಹೇಳಿದರು, ಆದರೆ ಕೊಡುವ ಹೊತ್ತಿಗೆ ತಮಗೇ ಹೆಚ್ಚು ಇಟ್ಟುಕೊಂಡರು. ಏಳೆಂಟು ವರ್ಷದವರಲ್ಲಿ ಮಾತ್ರ ಮಾತಿಗೂ ಕೃತಿಗೂ ತಾಳೆಯಾಯಿತು. ಐದೂವರೆ ವರ್ಷದವನು ಈ ಅಂತರದ ನಡುಮಧ್ಯದಲ್ಲಿದ್ದಾನೆ.

ಆದ್ದರಿಂದ ‘ಇದು ಕಳ್ಳತನವೇ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಅವನು ತಪ್ಪು ಮಾಡಿದ್ದಾನೆ, ಅದನ್ನು ಸರಿಪಡಿಸಬೇಕು, ಆದರೆ ಆ ಪದವನ್ನು ಮನೆಯಲ್ಲಿ ಬಳಸಬೇಡಿ. ಬೇಡ ಎನ್ನುವುದು ಅದು ಕಠಿಣ ಪದ ಎಂಬ ಕಾರಣಕ್ಕಲ್ಲ, ಅದು ಮಗುವಿಗೆ ತಪ್ಪು ದಿಕ್ಕು ತೋರಿಸುತ್ತದೆ ಎಂಬ ಕಾರಣಕ್ಕೆ. ‘ನೀನು ಮಾಡಿದ್ದು ತಪ್ಪು’ ಎಂದರೆ ಮಗುವಿನ ಗಮನ ರಿಂಗಿನ ಕಡೆಗೆ, ಅದನ್ನು ಕಳೆದುಕೊಂಡವರ ಕಡೆಗೆ ಹೋಗುತ್ತದೆ. ‘ನೀನು ಕಳ್ಳ’ ಎಂದರೆ ಗಮನವೆಲ್ಲ ತನ್ನ ಮೇಲೆಯೇ ತಿರುಗುತ್ತದೆ, ಆಗ ಅದಕ್ಕೆ ತೋಚುವುದು ಎರಡೇ ದಾರಿ: ಅಳುವುದು, ಇಲ್ಲವೇ ಅಡಗಿಸುವುದು. ಆಪ್ತಸಮಾಲೋಚನೆಗೆ ಬರುವ ಮಕ್ಕಳಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪೆನ್ಸಿಲ್ಲೋ ರಬ್ಬರೋ ತಂದದ್ದು ಅವರಿಗೆ ಮರೆತೇ ಹೋಗಿರುತ್ತದೆ. ನೆಂಟರ ಮುಂದೆ ಆ ಹೆಸರಿನಿಂದ ಕರೆದದ್ದು ಮಾತ್ರ ಅವರಿಗೆ ಇಸವಿ, ಜಾಗ, ಯಾರು ನಕ್ಕರು ಎಂಬ ವಿವರದೊಂದಿಗೆ ನೆನಪಿರುತ್ತದೆ.

ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮಗುವಿಗೆ ಕೇಳಬೇಡಿ. ರಿಂಗು ನಿಮ್ಮ ಕೈಯಲ್ಲೇ ಇರುವಾಗ ‘ನೀನು ಇದನ್ನು ತೆಗೆದುಕೊಂಡೆಯಾ?’ ಎಂದು ಕೇಳಿದರೆ ಅದು ಪ್ರಶ್ನೆಯಲ್ಲ, ಬಲೆ. ಶಿಕ್ಷೆಯ ಭಯವಿದ್ದಾಗ ಮಕ್ಕಳು ಸತ್ಯ ಹೇಳುವುದು ಕಡಿಮೆಯಾಗುತ್ತದೆ ಎಂಬುದನ್ನು ವಿಕ್ಟೋರಿಯಾ ತಲ್ವಾರ್ ಮತ್ತು ಸಹಸಂಶೋಧಕರು ನಾಲ್ಕರಿಂದ ಎಂಟು ವರ್ಷದ 372 ಮಕ್ಕಳೊಂದಿಗೆ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದ್ದಾರೆ. ಅದರ ಬದಲು ಅವನ ಪಕ್ಕದಲ್ಲಿ ಕುಳಿತು, ರಿಂಗುಗಳನ್ನು ಇಬ್ಬರಿಗೂ ಕಾಣುವಂತೆ ಇಟ್ಟುಕೊಂಡು, ಸರಳವಾಗಿ ಹೇಳಿ: ‘ಇವು ನಿನಗೆ ತುಂಬಾ ಇಷ್ಟವಾಗಿವೆ ಅಂತ ಗೊತ್ತಾಯಿತು. ಆದರೆ ಇವು ಬೇರೆ ಮಗುವಿನವು. ಅದು ಮನೆಗೆ ಹೋದ ಮೇಲೆ ಹುಡುಕಿರುತ್ತದೆ. ನಾಳೆ ನಾವಿಬ್ಬರೂ ಹೋಗಿ ಕೊಟ್ಟು ಬರೋಣ.’ ಇಷ್ಟು ಸಾಕು. ಅವನ ಸ್ವಂತ ಆಟಿಕೆಯೊಂದು ಹಿಂದೆಂದಾದರೂ ಕಳೆದುಹೋಗಿದ್ದರೆ ಅದನ್ನು ನೆನಪಿಸಬಹುದು. ಕಳೆದುಕೊಂಡವರ ಸಂಕಟ ಅವನಿಗೆ ಅರ್ಥವಾಗುವುದು ಆ ದಾರಿಯಿಂದಲೇ, ನೀತಿಪಾಠದಿಂದಲ್ಲ.

ಹಿಂದಿರುಗಿಸುವಾಗ ತಂದೆತಾಯಿಯರಿಗೆ ಒಂದು ಸುಲಭದ ದಾರಿ ಕಾಣುತ್ತದೆ: ಯಾರೂ ನೋಡದಿದ್ದಾಗ ರಿಂಗುಗಳನ್ನು ಕೊಳದ ಅಂಚಿನಲ್ಲಿಟ್ಟು ಬಂದುಬಿಡುವುದು. ನಿಮಗೂ ಆ ಯೋಚನೆ ಬಂದಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಗುಟ್ಟಾಗಿ ತಂದದ್ದನ್ನು ಗುಟ್ಟಾಗಿ ಇಟ್ಟರೆ, ಸಿಕ್ಕಿಬೀಳದಿರುವುದೇ ಮುಖ್ಯ ಎಂಬುದನ್ನು ಮಗು ಅಮ್ಮನಿಂದಲೇ ಕಲಿತಂತಾಗುತ್ತದೆ. ಅದರ ವಿರುದ್ಧ ತುದಿಯೂ ಬೇಡ: ಎಲ್ಲರ ಮುಂದೆ ನಿಲ್ಲಿಸಿ, ಕೈಮುಗಿಸಿ, ‘ಇನ್ನು ಮೇಲೆ ಮಾಡುವುದಿಲ್ಲ’ ಎಂದು ಹೇಳಿಸುವುದು. ರಿಂಗುಗಳನ್ನು ಅವನೇ ಕೈಯಲ್ಲಿ ಹಿಡಿದುಕೊಳ್ಳಲಿ. ನೀವು ಅವನ ಭುಜದ ಮೇಲೆ ಕೈಯಿಟ್ಟು ಪಕ್ಕದಲ್ಲಿರಿ. ‘ಇವು ನಿಮ್ಮವು, ನಾನು ತೆಗೆದುಕೊಂಡು ಹೋಗಿದ್ದೆ’ ಎಂಬ ಒಂದು ವಾಕ್ಯವನ್ನು ಮನೆಯಲ್ಲೇ ಎರಡು ಸಲ ಹೇಳಿ ಅಭ್ಯಾಸ ಮಾಡಿಸಿರಿ. ಬಾಯಿ ಕಟ್ಟಿ ನಿಂತರೆ ಆ ವಾಕ್ಯವನ್ನು ನೀವೇ ಹೇಳಿ, ಕೊಡುವ ಕೆಲಸವನ್ನು ಅವನಿಗೆ ಬಿಡಿ. ಒಡೆಯ ಯಾರೆಂದು ತಿಳಿಯದಿದ್ದರೆ ಲೈಫ್‌ಗಾರ್ಡ್ ಅಥವಾ ನಿರ್ವಾಹಕರ ಕೈಗೆ ಅವನೇ ಒಪ್ಪಿಸಲಿ. ಅಲ್ಲಿಗೆ ಆ ವಿಷಯ ಮುಗಿಯಬೇಕು. ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಮತ್ತೆ ಎತ್ತಬೇಡಿ, ಅಕ್ಕ ಎತ್ತಿದರೆ ಅವಳನ್ನೂ ತಡೆಯಿರಿ.

ಮರಳಿಸಿದ ಮೇಲೆ ಅವನಿಗೆ ಇನ್ನೂ ಒಂದು ಬಾಕಿಯಿದೆ. ರಿಂಗಿನ ಆಸೆ ತಪ್ಪಲ್ಲ, ಅದನ್ನು ತೀರಿಸಿಕೊಂಡ ದಾರಿ ತಪ್ಪು. ಹಾಗಾದರೆ ಸರಿಯಾದ ದಾರಿ ಯಾವುದು ಎಂಬುದನ್ನು ಯಾರಾದರೂ ಅವನಿಗೆ ಹೇಳಿಕೊಡಬೇಕಲ್ಲ? ನಾವು ಮಕ್ಕಳಿಗೆ ‘ಕೇಳಿ ತಗೋ’ ಎಂದು ಹೇಳುತ್ತೇವೆ, ಆದರೆ ಕೇಳುವುದು ಎಂದರೇನು ಎಂದು ತೋರಿಸುವುದಿಲ್ಲ. ಕೊಳದ ಬಳಿ ಹತ್ತು ನಿಮಿಷ ಕುಳಿತು ನೋಡಿ. ಒಂದು ಮಗು ಓಡಿ ಬರುತ್ತದೆ, ಚೆಂಡಿನ ಮೇಲೆ ಎರಡೂ ಕೈಯಿಡುತ್ತದೆ, ‘ತಗೊಳ್ಳಲಾ?’ ಎನ್ನುತ್ತದೆ, ಆ ‘ಲಾ’ ಮುಗಿಯುವ ಮೊದಲೇ ಚೆಂಡು ಅದರ ಎದೆಗೆ ಸೇರಿರುತ್ತದೆ. ಅದರ ಮಟ್ಟಿಗೆ ಅದು ಕೇಳಿದೆ. ಒಡೆಯನ ಮಟ್ಟಿಗೆ ಕಿತ್ತುಕೊಂಡಿದೆ. ಇಬ್ಬರೂ ದೊಡ್ಡವರ ಬಳಿ ಬಂದು ತಮ್ಮ ತಮ್ಮ ಸತ್ಯವನ್ನು ಹೇಳುತ್ತಾರೆ, ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಹೀಗಾಗಿ ನಾನು ಮಕ್ಕಳಿಗೆ ಕಲಿಸುವ ಮೊದಲ ಪಾಠ ಮಾತಿನದಲ್ಲ, ಕೈಯದು: ಕೇಳುವಾಗ ಕೈ ವಸ್ತುವಿನ ಮೇಲೆ ಇರಬಾರದು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳುವುದನ್ನು ಮನೆಯಲ್ಲಿ ಆಟದಂತೆ ಅಭ್ಯಾಸ ಮಾಡಿಸಿ. ನೀವು ಒಡೆಯರಾಗಿ, ಅವನು ಕೇಳಲಿ. ಆಮೇಲೆ ಪಾತ್ರ ಬದಲಿಸಿ. ಕೆಲವು ಸಲ ಬೇಕೆಂದೇ ‘ಇಲ್ಲ’ ಎನ್ನಿ. ‘ಇಲ್ಲ’ ಎಂಬುದನ್ನು ಕೇಳಿಸಿಕೊಂಡು, ‘ಸರಿ’ ಎಂದು ಹಿಂದಿರುಗಿ ಬರುವುದನ್ನು ಮನೆಯಲ್ಲಿ ಅಭ್ಯಾಸ ಮಾಡದ ಮಗುವಿಗೆ ಕೊಳದಲ್ಲಿ, ಅಷ್ಟು ಗದ್ದಲದ ನಡುವೆ, ಅದು ಸಾಧ್ಯವಾಗುವುದಿಲ್ಲ. ಸಾಲ ಪಡೆಯುವ ಅವಧಿಯನ್ನೂ ಮಗುವಿನ ಕಣ್ಣಿಗೆ ಕಾಣುವ ಅಳತೆಯಲ್ಲಿ ಹೇಳಿಸಿ. ‘ಸ್ವಲ್ಪ ಹೊತ್ತು’ ಎಂಬುದು ಕೊಡುವವನಿಗೆ ಎರಡು ನಿಮಿಷ, ಪಡೆದವನಿಗೆ ಇಡೀ ಸಂಜೆ. ‘ಆ ಗೋಡೆಯವರೆಗೆ ಹೋಗಿ ಬರುವಷ್ಟು’, ‘ಐದು ಸಲ ಮುಳುಗುವಷ್ಟು’ ಎಂದರೆ ಜಗಳಕ್ಕೆ ಆಸ್ಪದ ಕಡಿಮೆ. ಕೊನೆಯದಾಗಿ, ಪಡೆದದ್ದನ್ನು ಕೊಟ್ಟವರ ಕೈಗೇ ಕೊಡಬೇಕು. ಅಂಚಿನಲ್ಲಿ ಎಸೆದು ‘ಅಲ್ಲಿಟ್ಟಿದ್ದೇನೆ’ ಎನ್ನುವುದು ಹಿಂದಿರುಗಿಸಿದಂತೆ ಆಗುವುದಿಲ್ಲ. ಬಹುಶಃ ಆ ಹಸಿರು ರಿಂಗುಗಳೂ ಹೀಗೆ ಯಾರೋ ಬಿಟ್ಟುಹೋದವೇ ಇರಬಹುದು.

ಇನ್ನು ನಿಮ್ಮ ಮಗಳು. ಪತ್ರದಲ್ಲಿ ಅವಳ ಬಗ್ಗೆ ಬರೆದಿರುವುದು ಕಡಿಮೆ, ಆದರೆ ಹೆಚ್ಚು ನೊಂದಿರುವವಳು ಅವಳೇ ಎಂದು ನನಗನ್ನಿಸುತ್ತದೆ. ಒಂದು ಪ್ರಶ್ನೆಗೆ ನೀವೇ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ: ಗಾಗಲ್ಸ್ ಹೋದಾಗ, ಅಥವಾ ಅದಕ್ಕೂ ಮುಂಚೆ ಫ್ಲೋಟು ಹೋದಾಗ, ನೀವು ಅವಳಿಗೆ ‘ಇರಲಿ ಬಿಡು, ಕೊಡು, ನೀನು ದೊಡ್ಡವಳಲ್ಲವಾ’ ಎಂದಿದ್ದಿರಾ? ಹತ್ತು ಜನರೆದುರು ನಮ್ಮ ಮಗು ‘ಕೊಡುವುದಿಲ್ಲ’ ಎಂದರೆ ನಮಗೆ ಮುಜುಗರವಾಗುತ್ತದೆ. ಆ ಮುಜುಗರವನ್ನು ಮುಚ್ಚಿಕೊಳ್ಳಲು ನಾವು ಮಗುವಿನ ವಸ್ತುವನ್ನು ದಾನ ಮಾಡಿಬಿಡುತ್ತೇವೆ. ಬಲವಂತದ ಹಂಚಿಕೆಯಿಂದ ಉದಾರತೆ ಬೆಳೆಯುವುದಿಲ್ಲ. ನದಿಯಾ ಚೆರ್ನ್ಯಾಕ್ ಮತ್ತು ತಮರ್ ಕುಶ್ನಿರ್ ಅವರ 2013ರ ಪ್ರಯೋಗದಲ್ಲಿ, ತಮ್ಮ ಸ್ಟಿಕ್ಕರನ್ನು ಇಟ್ಟುಕೊಳ್ಳುವ ಅವಕಾಶವಿದ್ದೂ ಬೇಸರದಲ್ಲಿದ್ದ ಗೊಂಬೆಗೆ ಸ್ವಂತ ಆಯ್ಕೆಯಿಂದ ಕೊಟ್ಟ ಪುಟ್ಟ ಮಕ್ಕಳು, ಮುಂದಿನ ಸಂದರ್ಭದಲ್ಲಿ ಇತರರಿಗಿಂತ ಹೆಚ್ಚು ಹಂಚಿಕೊಂಡರು. ಇಲ್ಲ ಎನ್ನುವ ಹಕ್ಕು ಇದ್ದಾಗ ಮಾತ್ರ ಕೊಟ್ಟದ್ದು ಕೊಟ್ಟಂತಾಗುತ್ತದೆ. ಹಾಗಾಗಿ ಮಗಳಿಗೆ ಇಂದೇ ಹೇಳಿ: ‘ನಿನ್ನ ವಸ್ತುವನ್ನು ಕೊಡುವುದು ಬಿಡುವುದು ನಿನಗೆ ಸೇರಿದ್ದು. ಬೇಡ ಅಂದರೆ ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ.’ ಅವಳಿಗೆ ಒಂದೆರಡು ಸಿದ್ಧ ವಾಕ್ಯಗಳೂ ಬೇಕು, ಏಕೆಂದರೆ ಆ ಹೊತ್ತಿಗೆ ಮಾತು ತೋಚುವುದಿಲ್ಲ: ‘ನಾನಿದನ್ನು ಈಗ ಬಳಸುತ್ತಿದ್ದೇನೆ, ಮುಗಿದ ಮೇಲೆ ಕೊಡುತ್ತೇನೆ’, ‘ಇದನ್ನು ಯಾರಿಗೂ ಕೊಡುವುದಿಲ್ಲ, ಚೆಂಡು ಬೇಕಾದರೆ ತಗೋ’.

ಯಾವುದನ್ನು ಕೊಡಬಾರದು ಎಂಬುದರಲ್ಲಿ ಆರೋಗ್ಯದ ವಿಷಯವೂ ಇದೆ. ಟವೆಲ್ಲಿನಿಂದ ಹುಳುಕಡ್ಡಿಯಂಥ ಚರ್ಮರೋಗಗಳು ಹರಡುತ್ತವೆ, ಗಾಗಲ್ಸ್‌ನಿಂದ ಕಣ್ಣಿನ ಸೋಂಕು ದಾಟಬಹುದು, ಬಾಯಲ್ಲಿ ಕಚ್ಚಿಕೊಳ್ಳುವ ಸ್ನಾರ್ಕಲ್‌ನ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಗಾಗಲ್ಸ್‌ಗೆ ಇನ್ನೊಂದು ಅಪಾಯವಿದೆ: ಬೇರೆಯವರ ತಲೆಗೆ ಹೊಂದಿಸಿದ ಪಟ್ಟಿಯನ್ನು ಮಗು ಎಳೆದೆಳೆದು ಹಾಕಿಕೊಳ್ಳುವಾಗ ಒದ್ದೆ ಕೈಯಿಂದ ಜಾರಿದರೆ, ರಬ್ಬರಿನ ಸೆಳೆತಕ್ಕೆ ಆ ಗಟ್ಟಿ ಅಂಚು ನೇರವಾಗಿ ಕಣ್ಣಿಗೇ ಬಡಿಯುತ್ತದೆ. ಮೈಗೆ, ಕಣ್ಣಿಗೆ, ಕಿವಿಗೆ, ಬಾಯಿಗೆ ತಾಗುವ ಯಾವುದನ್ನೂ ಕೊಡುವುದಿಲ್ಲ, ಪಡೆಯುವುದೂ ಇಲ್ಲ ಎಂಬುದು ಮನೆಯ ನಿಯಮವಾಗಲಿ. ‘ಅಮ್ಮ ಬೇಡ ಎಂದಿದ್ದಾರೆ’ ಎಂದು ಮಗಳು ನಿಮ್ಮ ಮೇಲೆ ಹಾಕಿಬಿಟ್ಟರೂ ಅಡ್ಡಿಯಿಲ್ಲ.

ಹರಿದ ಪಟ್ಟಿಯ ಬಗ್ಗೆ ಅವಳ ಮನಸ್ಸಿನಲ್ಲಿರುವ ಸಿಟ್ಟನ್ನು ಬಿಡಿಸಲು ಒಂದು ಹಳೆಯ ಪ್ರಯೋಗ ಸಹಾಯಕವಾಗಬಹುದು. ಮಕ್ಕಳ ನೈತಿಕ ತೀರ್ಮಾನಗಳ ಬಗ್ಗೆ 1932ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ, ಮಕ್ಕಳಿಗೆ ಎರಡು ಪುಟ್ಟ ಕಥೆಗಳನ್ನು ಹೇಳುತ್ತಿದ್ದರು. ಒಬ್ಬ ಹುಡುಗ ಗೊತ್ತಿಲ್ಲದೆ ಬಾಗಿಲು ತಳ್ಳಿದಾಗ ಹದಿನೈದು ಬಟ್ಟಲುಗಳು ಒಡೆಯುತ್ತವೆ. ಇನ್ನೊಬ್ಬ ತಾಯಿಯ ಕಣ್ಣು ತಪ್ಪಿಸಿ ಜಾಮ್ ತೆಗೆಯಲು ಹೋದಾಗ ಒಂದೇ ಬಟ್ಟಲು ಒಡೆಯುತ್ತದೆ. ಯಾರದು ಹೆಚ್ಚು ತಪ್ಪು? ಚಿಕ್ಕ ಮಕ್ಕಳು ಸಾಮಾನ್ಯವಾಗಿ ಹದಿನೈದು ಒಡೆದವನತ್ತ ಬೆರಳು ತೋರಿದರು, ದೊಡ್ಡವರಾದಂತೆ ಉದ್ದೇಶವನ್ನು ತೂಗತೊಡಗಿದರು. ಒಂಬತ್ತು ವರ್ಷದ ನಿಮ್ಮ ಮಗಳಿಗೆ ಈ ಲೆಕ್ಕ ಅರ್ಥವಾಗುತ್ತದೆ. ಪಟ್ಟಿ ಹರಿದದ್ದು ಆಕಸ್ಮಿಕ, ಕೇಳದೆ ತೆಗೆದುಕೊಂಡದ್ದು ಆಕಸ್ಮಿಕವಲ್ಲ. ಅವಳ ಸಿಟ್ಟು ಎರಡನೆಯದರ ಮೇಲೆ, ಅದು ನ್ಯಾಯವಾದದ್ದೇ. ಅದನ್ನು ಅವಳೆದುರು ಒಪ್ಪಿಕೊಳ್ಳಿ.

ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳುವ ಹಕ್ಕು ನಿಮಗಿದೆಯೇ? ಬುದ್ಧಿ ಹೇಳುವ ಹಕ್ಕು ಇಲ್ಲ ಎಂದೇ ಹೇಳುತ್ತೇನೆ; ನಿಮ್ಮ ವಸ್ತುವಿನ ಬಗ್ಗೆ ಸ್ಪಷ್ಟವಾಗಿ ಮಾತಾಡುವ ಹಕ್ಕು ಖಂಡಿತ ಇದೆ. ‘ಪುಟ್ಟಾ, ಈ ಫ್ಲೋಟ್ ನಮ್ಮದು. ಬೇಕಿದ್ದರೆ ಅಲ್ಲಿರುವ ಅಕ್ಕನನ್ನು ಕೇಳು’ ಎಂಬುದು ಹೇಳಬಹುದಾದ ಮಾತು. ‘ನಿಮ್ಮ ಮನೆಯಲ್ಲಿ ಇದನ್ನೇ ಕಲಿಸಿದ್ದಾರಾ?’ ಎಂಬುದು ಹೇಳಬಾರದ ಮಾತು. ಮಗುವಿನ ಕೈಯಿಂದ ನೀವೇ ಕಿತ್ತುಕೊಳ್ಳಬೇಡಿ, ತೋಳು ಹಿಡಿದೆಳೆಯಬೇಡಿ. ಒದ್ದೆ ನೆಲದಲ್ಲಿ ಅದು ಅಪಾಯವೂ ಹೌದು. ಕೈಚಾಚಿ ಕಾಯಿರಿ. ಸುಮ್ಮನೆ ಚಾಚಿದ ಕೈಗೆ ಹೆಚ್ಚಿನ ಮಕ್ಕಳು ವಸ್ತುವನ್ನು ತಾವಾಗಿಯೇ ಕೊಟ್ಟುಬಿಡುತ್ತಾರೆ.

ಆ ತಾಯಿಯೊಂದಿಗೆ ಮತ್ತೊಮ್ಮೆ ಮಾತಾಡಿ ಎಂಬುದೇ ನನ್ನ ಸಲಹೆ, ಆದರೆ ಕೊಳದ ಪಕ್ಕದಲ್ಲಿ ಅಲ್ಲ, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖಂಡಿತ ಅಲ್ಲ. ಗುಂಪಿನಲ್ಲಿ ಹಾಕಿದ ದೂರು ಹೆಸರು ಹೇಳದಿದ್ದರೂ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ, ಆಮೇಲೆ ಕ್ಷಮೆ ಕೇಳಬೇಕೆಂದಿದ್ದವರಿಗೂ ಕೇಳಲಾಗುವುದಿಲ್ಲ. ಇಬ್ಬರೇ ಇರುವಾಗ, ನಿಮ್ಮ ಮನೆಯ ರಿಂಗಿನಿಂದಲೇ ಮಾತು ಆರಂಭಿಸಿ: ‘ನನ್ನ ಮಗನೂ ಯಾರದೋ ರಿಂಗ್ ತಂದುಬಿಟ್ಟಿದ್ದ, ನಿನ್ನೆ ಕೊಟ್ಟು ಬಂದೆವು. ನಮ್ಮ ಮಕ್ಕಳೆಲ್ಲ ಕೇಳಿ ತೆಗೆದುಕೊಳ್ಳುವ ಹಾಗೆ ಏನಾದರೂ ಮಾಡೋಣವೇ?’ ಹೀಗೆ ಹೇಳಿದರೆ ಎದುರಿಗಿರುವವರು ತಮ್ಮ ಮಗುವಿನ ಪರ ವಾದಿಸಬೇಕಾದ ಅಗತ್ಯ ಇರುವುದಿಲ್ಲ. ‘ಮಕ್ಕಳಲ್ಲವೇ’ ಎಂದು ಅವರು ಮತ್ತೆ ಹೇಳಿದರೆ, ‘ಹೌದು, ಮಕ್ಕಳೇ, ಅದಕ್ಕೇ ನಾವು ಹೇಳಿಕೊಡಬೇಕು’ ಎನ್ನಿ. ಪಟ್ಟಿ ಹರಿದದ್ದನ್ನು ಒಮ್ಮೆ ನೇರವಾಗಿ ತಿಳಿಸಿ, ಬದಲಿಸಿಕೊಡುತ್ತೀರಾ ಎಂದು ಕೇಳಿ. ಒಪ್ಪದಿದ್ದರೆ ಮತ್ತೆ ಮತ್ತೆ ಕೇಳುವುದು ಬೇಡ, ಆ ಮನೆಗೆ ಮತ್ತೆ ಸಾಲ ಕೊಡುವುದೂ ಬೇಡ.

ಒಂದು ವಿಷಯವನ್ನು ನೀವು ಗಮನಿಸಿದ್ದೀರೋ ಇಲ್ಲವೋ ತಿಳಿಯದು: ಪದೇಪದೇ ಎತ್ತಿಕೊಳ್ಳುವ ಮಕ್ಕಳ ಕೈಯಲ್ಲಿ ಅವರದೇ ಆದ ವಸ್ತು ಏನಾದರೂ ಇದೆಯೇ? ಎಲ್ಲರೂ ಟ್ಯೂಬು, ಚೆಂಡು ಹಿಡಿದು ಬರುವ ಕಡೆ ಬರಿಗೈಯಲ್ಲಿ ಬರುವ ಮಗುವಿಗೆ ಆಟಕ್ಕೆ ಸೇರಲು ಬೇರೆ ದಾರಿ ಇರುವುದಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾರೆ ಎಂಬ ಅಳುಕಿನಿಂದ ಅದು ಕೇಳದೆ ಎತ್ತುತ್ತದೆ. ಅಂಥ ಮಗುವನ್ನು ಕಂಡರೆ ಹೆಸರು ಹಿಡಿದು ಆಟಕ್ಕೆ ಕರೆಯಿರಿ. ಹೋದರೆ ಹೋಗಲಿ ಎನ್ನುವಂಥ ಒಂದು ಚೆಂಡನ್ನು ಎಲ್ಲರಿಗಾಗಿಯೇ ಒಯ್ಯುವುದೂ ಒಳ್ಳೆಯದು, ಅದು ಎಲ್ಲರದು ಎಂದು ಮೊದಲೇ ಹೇಳಿಬಿಡಿ. ಕೊಳದ ನಿರ್ವಾಹಕರ ಬಳಿ ಎರಡು ಪೆಟ್ಟಿಗೆಗಳನ್ನು ಇಡಿಸಲು ಸಾಧ್ಯವಾದರೆ, ಒಂದು ಎಲ್ಲರ ಆಟಿಕೆಗಳಿಗೆ, ಇನ್ನೊಂದು ಮರೆತುಹೋದ ವಸ್ತುಗಳಿಗೆ, ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ನಿಮ್ಮ ವಸ್ತುಗಳ ಮೇಲೆ ನೀರಿಗೆ ಅಳಿಸದ ಮಾರ್ಕರ್‌ನಿಂದ ದೊಡ್ಡದಾಗಿ ಹೆಸರು ಬರೆಯಿರಿ. ಇನ್ನೂ ಓದಲು ಬಾರದ ಮಕ್ಕಳಿಗೂ ಗುರುತಾಗುವಂತೆ ಪಕ್ಕದಲ್ಲಿ ಒಂದು ಮೀನನ್ನೋ ಎಲೆಯನ್ನೋ ಬಿಡಿಸಲು ಮಗನಿಗೇ ಹೇಳಿ.

ನಿಮ್ಮ ಮಗನ ಬಗ್ಗೆ ಚಿಂತಿಸುವ ಕಾರಣ ಸದ್ಯಕ್ಕೆ ನನಗೆ ಕಾಣುತ್ತಿಲ್ಲ. ಹಿಂದಿರುಗಿಸಿದ ಮೇಲೂ ಹಲವು ಕಡೆಯಿಂದ ವಸ್ತುಗಳನ್ನು ತಂದು ಬಚ್ಚಿಡುವುದು ತಿಂಗಳುಗಟ್ಟಲೆ ಮುಂದುವರಿದರೆ, ಏಳೆಂಟು ವರ್ಷ ದಾಟಿದರೂ ನಿಲ್ಲದಿದ್ದರೆ, ತನಗೆ ಬೇಡದ ವಸ್ತುವನ್ನೂ ತರುತ್ತಿದ್ದರೆ, ಅಥವಾ ದೊಡ್ಡ ಮಕ್ಕಳು ಹೆದರಿಸಿ ಅವನಿಂದ ತರಿಸುತ್ತಿದ್ದಾರೆ ಎಂಬ ಅನುಮಾನ ಬಂದರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿರಿ. ಮನೆಯಲ್ಲಿ ದೊಡ್ಡ ಬದಲಾವಣೆಯೇನಾದರೂ ಆಗಿದ್ದರೆ ಅದನ್ನೂ ಅವರಿಗೆ ತಿಳಿಸಿ.

ಮಗಳನ್ನು ಕೊಳಕ್ಕೆ ಬಾ ಎಂದು ಒತ್ತಾಯಿಸಬೇಡಿ. ಅದರ ಬದಲು ಮುಂದಿನ ಸಲ ಬ್ಯಾಗು ಜೋಡಿಸುವ ಕೆಲಸವನ್ನು ಅವಳಿಗೆ ಒಪ್ಪಿಸಿ: ಯಾವುದು ಮನೆಯಲ್ಲೇ ಉಳಿಯಬೇಕು, ಯಾವುದು ಬರಬೇಕು, ಬಂದದ್ದರಲ್ಲಿ ಯಾವುದನ್ನು ಇತರರಿಗೆ ಕೊಡಬಹುದು ಎಂಬುದನ್ನು ಅವಳೇ ತೀರ್ಮಾನಿಸಲಿ. ಗಾಗಲ್ಸ್‌ಗೆ ಹೊಸ ಪಟ್ಟಿ ಹಾಕಿಸಿಡಿ. ಆಮೇಲೂ ಬರುವುದಿಲ್ಲ ಎಂದರೆ ಒಂದೆರಡು ವಾರ ಬಿಟ್ಟುಬಿಡಿ. ರಿಂಗುಗಳನ್ನು ಮಾತ್ರ ಅಷ್ಟು ದಿನ ಇಟ್ಟುಕೊಳ್ಳಬೇಡಿ. ನಾಳೆಯೇ ಒಯ್ಯಿರಿ, ಅದೂ ಮಗ ನೀರಿಗಿಳಿಯುವ ಮೊದಲೇ ಕೊಡಿಸಿ. ಈಜಿದ ಮೇಲೆ ಕೊಟ್ಟರಾಯಿತು ಎಂದುಕೊಂಡರೆ ಅಷ್ಟು ಹೊತ್ತೂ ಅವನ ಮನಸ್ಸು ಆ ಬ್ಯಾಗಿನಲ್ಲೇ ಇರುತ್ತದೆ, ಮತ್ತು ಅಷ್ಟರಲ್ಲಿ ರಿಂಗಿನ ಒಡೆಯ ಮನೆಗೆ ಹೊರಟುಹೋಗಿರಬಹುದು.